ಗಾದಿ ಅಂಗಡಿಯ ದೆವ್ವ

॥ ಶ್ರೀ ॥

ಬೆಟಗೇರಿ
11 ಡಿಸೆಂಬರ್ 2024, ಬುಧವಾರ

ಚಿರಂಜೀವಿ ಆರತಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ನಿಮ್ಮಪ್ಪನ ಮೊಣಕಾಲು ನೋವು, ನನ್ನ ಸೊಂಟ ನೋವು ಅವೂ ಕ್ಷೇಮವಾಗಿಯೇ ಇವೆ, ಅವುಗಳಿಗೆ ನಾವು ಯಾವ ಕೊರತೆಯನ್ನೂ ಮಾಡಿಲ್ಲ. ವಿಜಯಪುರದಲ್ಲಿ ಈ ಸಲ ಚಳಿ ಹೆಚ್ಚಂತೆ, ಪೇಪರಿನಲ್ಲಿ ಓದಿದೆ. ಕಿವಿಗೆ ಏನಾದರೂ ಕಟ್ಟಿಕೋ. ನೀನು ಕಟ್ಟಿಕೊಳ್ಳುವುದಿಲ್ಲ ಎಂದು ಗೊತ್ತು, ಆದರೂ ತಾಯಿಯಾದವಳು ಬರೆಯಬೇಕಲ್ಲ.

ಕಾಗದ ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅಂಚೆ ಕಚೇರಿಯಿಂದ ಇನ್‌ಲ್ಯಾಂಡ್ ಪತ್ರ ತಂದಿಟ್ಟು ಮೂರು ವಾರವಾಗಿತ್ತು. ಅದರ ಮೇಲೆ ನಿಮ್ಮಪ್ಪ ಧನುರ್ಮಾಸದ ಪೂಜೆ ಹಚ್ಚಿದವರ ಹೆಸರು ಬರೆದುಬಿಟ್ಟರು. ಇನ್ನೊಂದು ತಂದೆ. ಅದರ ಮೇಲೆ ನಾನೇ "ಚಿ. ಆರತಿಗೆ" ಎಂದು ಬರೆದು, ಮುಂದೇನು ಬರೆಯಬೇಕೋ ತೋಚದೆ, ಗಾಳಿ ಬರುತ್ತಿದ್ದ ಕಿಟಕಿಯ ಸಂದಿಗೆ ಮಡಚಿ ಸಿಕ್ಕಿಸಿದೆ. ಈಗ ನೋಟ್‌ಬುಕ್ಕಿನ ಹಾಳೆ ಹರಿದು ಕುಳಿತಿದ್ದೇನೆ. ಇವತ್ತು ಏಕಾದಶಿ. ಅಡಿಗೆಯಿಲ್ಲ, ದೆವ್ವಕ್ಕೂ ರಜೆ. ಇವತ್ತು ಬರೆಯದಿದ್ದರೆ ಇನ್ನು ಬರೆಯುವವಳಲ್ಲ ನಾನು.

ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎನ್ನಬೇಡ. ಫೋನಿನಲ್ಲಿ ನನ್ನ ಮಾತು ಊಟವಾಯಿತೇ, ನೀರು ಬಂದಿತೇ ಎನ್ನುವಲ್ಲಿಗೆ ಮುಗಿದುಹೋಗುತ್ತದೆ. ಅದೂ ಈಗ ಇಲ್ಲ. ನಾಲ್ಕು ಭಾನುವಾರವಾಯಿತು ನೀನು ಫೋನ್ ಮಾಡಿ. ನಾನು ಮಾಡಿದರೆ "ಕೆಲಸದಾಗ ಇದ್ದೀನಮ್ಮಾ" ಎಂದು ಇಡುತ್ತೀ. ನಿನ್ನ ಲ್ಯಾಬಿಗೆ ಭಾನುವಾರ ರಜೆ ಎನ್ನುವುದು ನನಗೆ ಗೊತ್ತಿಲ್ಲವೇ? ಕೊನೆಯ ಸಲ ನೀನಾಗಿ ಫೋನ್ ಮಾಡಿದಾಗ ಕೇಳಿದ್ದು ಒಂದೇ ಮಾತು: "ಅಮ್ಮಾ, ಮೊಬೈಲ್‌ನಾಗಿನ ಆ ದೆವ್ವ ನೀನ ಏನು?" ನಾನು ಹೌದೆಂದೆ. ಸ್ವಲ್ಪ ಜಂಬದಿಂದಲೇ ಹೌದೆಂದೆ. ನೀನು ಇಟ್ಟುಬಿಟ್ಟೆ. ನೀನು ಮತ್ತೆ ಮೊದಲಿನಂತೆ ಮಾತಾಡಬೇಕು. ಈ ಕಾಗದಕ್ಕೆ ಅದರ ಹೊರತು ಬೇರೆ ಕೆಲಸವಿಲ್ಲ. ಆದ್ದರಿಂದ ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ. ಓದುತ್ತ ನಗು ಬಂದರೆ ನಕ್ಕುಬಿಡು, ಸಿಟ್ಟನ್ನು ಆಮೇಲೆ ಮುಂದುವರಿಸು.

ಇದೆಲ್ಲ ಶುರುವಾದದ್ದು ಗಾದಿಯಿಂದ. ನನ್ನ ತವರುಮನೆ ಲಕ್ಷ್ಮೇಶ್ವರದಿಂದ ಮದುವೆಯಲ್ಲಿ ಕೊಟ್ಟ ಗಾದಿ, ನೀನು ಚಿಕ್ಕವಳಿದ್ದಾಗ ಅದರ ಮೇಲೆ ಕುಣಿಯುತ್ತಿದ್ದೆ. ಅದು ಗಂಟುಗಂಟಾಗಿ ನಿಮ್ಮಪ್ಪನ ಬೆನ್ನಿಗೆ ಒತ್ತುತ್ತಿತ್ತು. ದಸರೆ ಮುಗಿದ ಮೇಲೆ ಹಿಂಜಿಸಲೆಂದು ಲಾಡಸಾಬನ ಗಾದಿ ಅಂಗಡಿಗೆ ಕೊಟ್ಟೆ. ವಾರ ಬಿಟ್ಟು ತರಲು ಹೋದರೆ ಒಳಗಿನ ಹತ್ತಿಯೇ ನನ್ನದಲ್ಲ. ನನ್ನಪ್ಪ ನಿಂತು ತುಂಬಿಸಿದ ಹತ್ತಿ ಬೆಳ್ಳಗೆ, ಉದ್ದ ಎಳೆಯದು. ಇದು ಹಳದಿ, ನಡುನಡುವೆ ಬೀಜ. ಹೊರಗೆ ನಿಂತು ಜಗಳ ಮಾಡಿದರೆ ಗಿರಾಕಿಗಳು ನೋಡುತ್ತಾರೆಂದೋ ಏನೋ, ಲಾಡಸಾಬ "ಒಳಗ ಬರ್ರಿ ಬಾಯಾರ, ನಿಮ್ಮ ಹತ್ತಿ ಯಾವ್ದೈತಿ ನೀವ ನೋಡ್ರಿ" ಎಂದು ಹಿಂದಿನ ಹತ್ತಿ ಕೋಣೆಗೆ ಕರೆದುಕೊಂಡು ಹೋದ. ಅಲ್ಲಿ ನಾನು ಕಾಲು ತಾಸು ಬಾಯಿ ಮಾಡಿದೆ. ಹಾಗೆ ನಾನು ಎಂದೂ ಬಾಯಿ ಮಾಡಿದವಳಲ್ಲ.

ಆ ಕೋಣೆಯಲ್ಲಿ ಅವನ ಮಗ ಶಾಹಬಾಜ ಕುಳಿತಿದ್ದ. ಕಿವಿಗೆ ಯಂತ್ರ ಹಾಕಿಕೊಂಡು, ಮುಂದೆ ಕಂಪ್ಯೂಟರು, ಮೈಕು ಇಟ್ಟುಕೊಂಡು ಕುಳಿತಿದ್ದ. ಸುತ್ತ ಹತ್ತಿಯ ಮೂಟೆಗಳಿರುವುದರಿಂದ ಹೊರಗಿನ ಸದ್ದು ಒಳಗೆ ಬರುವುದಿಲ್ಲವಂತೆ, ಅದಕ್ಕೇ ಅವನು ಅಲ್ಲಿ ಕೂರುವುದು. ಅವನ ಕಸುಬೇನೆಂದರೆ ಇಂಗ್ಲಿಷ್ ಸಿನಿಮಾದವರ ಬಾಯಲ್ಲಿ ನಮ್ಮ ಗದಗಿನ ಮಾತು ಹಾಕಿ ಯೂಟ್ಯೂಬಿಗೆ ಬಿಡುವುದು. ಕುದುರೆ ಮೇಲೆ ಕೂತ ಬಂದೂಕಿನವರೆಲ್ಲ ಮುಂಡರಗಿ ಬಸ್ ಸ್ಟ್ಯಾಂಡಿನಲ್ಲಿ ಸೀಟಿಗಾಗಿ ಜಗಳವಾಡುವವರಂತೆ ಮಾತಾಡುತ್ತಾರೆ. ಜನಕ್ಕೆ ಬಹಳ ಸೇರುತ್ತದೆ.

ಈ ಸಲ ಅವನು ಹಿಡಿದದ್ದು ದೆವ್ವದ ಸಿನಿಮಾ. ನನ್ನ ಮದುವೆಗಿಂತ ಹಳೆಯದು, ಭಾಳ ಹೆಸರಾದದ್ದಂತೆ, ಹೆಸರು ನನ್ನ ಬಾಯಿಗೆ ತಿರುಗುವುದಿಲ್ಲ. ಕಥೆ ಇಷ್ಟೇ. ಹಿಮ ಬೀಳುವ ಒಂದೂರು. ಗಡಿಯಾರ ರಿಪೇರಿಯವನ ವಿಧವೆ, ಆಕೆಗೊಬ್ಬಳೇ ಮಗಳು. ಮಗಳ ಮೈಯೊಳಗೆ ದೆವ್ವ ಸೇರುತ್ತದೆ. ಡಾಕ್ಟರುಗಳೆಲ್ಲ ಕೈಚೆಲ್ಲಿದ ಮೇಲೆ ಒಬ್ಬ ಪಾದ್ರಿ ಬರುತ್ತಾನೆ. ಆ ಪಾದ್ರಿಗೋ ದೇವರಿದ್ದಾನೋ ಇಲ್ಲವೋ ಎಂದು ಅನುಮಾನ ಬಂದುಬಿಟ್ಟಿದೆ, ಅದು ದೆವ್ವಕ್ಕೆ ಗೊತ್ತಾಗಿದೆ. ಉಳಿದದ್ದೆಲ್ಲ ಅವರಿಬ್ಬರ ಜಗಳ. ಶಾಹಬಾಜನಿಗೆ ದೆವ್ವದ ದನಿ ಸಿಕ್ಕಿರಲಿಲ್ಲ. ತಾನೇ ಮಾಡಿ ಗಂಟಲು ಕೂರಿಸಿಕೊಂಡಿದ್ದ. ನಾಟಕ ಕಂಪನಿಯ ಭೀಮೇಶನನ್ನು ಕರೆಸಿದ್ದನಂತೆ. ಅವನು ಪ್ರತಿ ಮಾತಿಗೂ ದುರ್ಯೋಧನನ ಹಾಗೆ ನಕ್ಕು ಚಪ್ಪಾಳೆಗೆ ಕಾಯುತ್ತಿದ್ದನಂತೆ.

ನಾನು ಬಾಯಿ ಮಾಡುವಾಗ ಮೈಕು ಚಾಲೂ ಇತ್ತು. ಮೂರು ದಿನದ ಮೇಲೆ ಶಾಹಬಾಜ ಮನೆಗೆ ಬಂದು, "ಕಾಕೂ, ಸಿಟ್ಟಾಗಬ್ಯಾಡ್ರಿ, ಒಂದ ಸಲ ನೋಡ್ರಿ" ಎಂದು ಮೊಬೈಲು ಹಿಡಿದ. ಹುಡುಗಿ ಕೂದಲು ಕೆದರಿಕೊಂಡು ಮಂಚದ ಮೇಲೆ ಕೂತಿದ್ದಾಳೆ. ಪಾದ್ರಿ ಶಿಲುಬೆ ಹಿಡಿದು ನಿಂತಿದ್ದಾನೆ. ಹುಡುಗಿ ಬಾಯಿ ತೆರೆದಳು, ಬಂದದ್ದು ನನ್ನ ದನಿ.

"ಇದು ನನ್ನ ತವರುಮನಿ ಗಾದಿ! ಇದರಾಗಿನ ಹತ್ತಿ ಎಲ್ಲಿ ಹೋತು? ಖರೆ ಹೇಳು!"

ಪಾದ್ರಿ ಲಾಡಸಾಬನ ದನಿಯಲ್ಲಿ ಅಂದ, "ಸಮಾಧಾನ ಮಾಡ್ಕೊರಿ ಬಾಯಾರ. ಹತ್ತಿ ಎಲ್ಲೂ ಹೋಗಿಲ್ಲ."

"ಹಂಗಾದ್ರ ಈ ಗಂಟು ಎಲ್ಲಿಂದ ಬಂತು? ಕೈ ಹಾಕಿ ನೋಡು!"

ಸಿನಿಮಾದ ಪಾದ್ರಿ ನಿಜವಾಗಿಯೂ ಬಗ್ಗಿ ಹಾಸಿಗೆಯ ಮೇಲೆ ಕೈ ಇಟ್ಟ. ಆ ಹೊತ್ತಿಗೆ ಮಂಚ ಗಡಗಡ ಅಲುಗಿತು. ಆರತಿ, ನಾನು ಅಡಿಗೆಮನೆಯ ಕಟ್ಟೆಗೆ ಕೈಕೊಟ್ಟು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಅಂದಹಾಗೆ ನನ್ನ ಹತ್ತಿ ಸಿಕ್ಕಿತು. ಅಸುಂಡಿಯ ಯಾರದೋ ಮದುವೆ ಗಾದಿಗೆ ಹೋಗಿತ್ತಂತೆ, ಲಾಡಸಾಬ ತಾನೇ ಹೋಗಿ ಬಿಚ್ಚಿಸಿ ತಂದ.

ಆಮೇಲೆ ಪೂರ್ತಿ ಸಿನಿಮಾಕ್ಕೆ ದೆವ್ವದ ದನಿ ಕೊಡಲು ನಾನೇಕೆ ಒಪ್ಪಿದೆ ಎಂದು ನೀನು ಕೇಳುತ್ತೀ. ಸುಳ್ಳು ಹೇಳುವುದಿಲ್ಲ. ನಾಲ್ವತ್ತೊಂದು ವರ್ಷ ಈ ಮನೆಯಲ್ಲಿ ನನ್ನ ದನಿ ಊಟಕ್ಕೆ ಕರೆಯಲಿಕ್ಕೆ, ಆರತಿ ಹಾಡಲಿಕ್ಕೆ ಮಾತ್ರ ಏರಿದ್ದು. ಆ ಕೋಣೆಯಲ್ಲಿ ಎಷ್ಟು ಕೂಗಿದರೂ ಹತ್ತಿ ಕುಡಿದುಬಿಡುತ್ತದೆ, ಬೀದಿಗೆ ಹೋಗುವುದಿಲ್ಲ. ಅಂಥದೊಂದು ಕೋಣೆ ಪ್ರತಿ ಮನೆಯಲ್ಲೂ ಇರಬೇಕು. ಮಧ್ಯಾಹ್ನ ನಿಮ್ಮಪ್ಪ ಮಲಗಿದ ಮೇಲೆ ಭಜನಾ ಮಂಡಳಿಗೆ ಎಂದು ಹೇಳಿ ಹೊರಡುತ್ತಿದ್ದೆ, ಒಂದು ತಾಸು ದೆವ್ವವಾಗಿ ಚಹದ ಹೊತ್ತಿಗೆ ಮನೆಗೆ ಬರುತ್ತಿದ್ದೆ.

ಮುಂದಿನ ಭಾಗಗಳಿಗೂ ಪಾದ್ರಿಯ ದನಿ ಲಾಡಸಾಬನದೇ ಎಂದು ನಿಶ್ಚಯವಾಯಿತು. ಅಲ್ಲಿಂದ ತೊಂದರೆ. ಪಾದ್ರಿ ದೆವ್ವಕ್ಕೆ ಗದರಿಸಬೇಕು, ಇವನು ಗದರಿಸಲೊಲ್ಲ. "ದಯಮಾಡಿ ಹೊರಗ ಬರ್ರಿ" ಎನ್ನುತ್ತಾನೆ. ಶಾಹಬಾಜ ತಲೆ ತಲೆ ಬಡಿದುಕೊಂಡ.

"ಅಬ್ಬಾ, ಅದು ಸೈತಾನ ಐತಿ! ಲೇ ಅನ್ರಿ, ಹೊರಗ ಬಾರಲೇ ಅನ್ರಿ!"

"ಸೈತಾನ ಇದ್ದರೂ ಬಾಯಾರ ದನಿ ಐತಲ್ಲೋ. ನಮ್ಮ ಅಂಗಡಿಗೆ ಮೂವತ್ತು ವರ್ಷದ ಗಿರಾಕಿ. ಲೇ ಅಂತ ಹೆಂಗ ಅನ್ಲಿ?"

ನಾನೇ ಕೈಮುಗಿದು, "ಅನ್ನು ಲಾಡಸಾಬಣ್ಣಾ, ನಾ ಏನೂ ಅನ್ಕೊಳ್ಳೂದಿಲ್ಲ" ಎಂದೆ. ಅವನು ಗೋಡೆಯ ಕಡೆ ಮುಖ ಮಾಡಿ "ಲೇ" ಎಂದು, ತಕ್ಷಣ ತಿರುಗಿ "ಮಾಫ್ ಮಾಡ್ರಿ" ಎಂದ. ಅದೂ ರೆಕಾರ್ಡಾಯಿತು, ಶಾಹಬಾಜ ಹಾಗೇ ಬಿಟ್ಟ. ದೆವ್ವದ ಕ್ಷಮೆ ಕೇಳುವ ಪಾದ್ರಿಯನ್ನು ನೋಡಿ ಗದಗಿನ ಕಾಲೇಜು ಹುಡುಗರು ಬಿದ್ದು ಬಿದ್ದು ನಕ್ಕರಂತೆ.

ಇನ್ನೊಂದು ದಿನ ದೇವರ ಹೆಸರಿಗೆ ಕೆಲಸ ನಿಂತಿತು. "ದೇವರ ಹೆಸರಿನಿಂದ ಆಜ್ಞೆ ಮಾಡ್ತೀನಿ" ಎಂದು ಪಾದ್ರಿ ಹೇಳಬೇಕು. ಲಾಡಸಾಬ ಯಾವ ದೇವರೆಂದು ಕೇಳಿದ. "ಪಾದ್ರಿಗೋಳ ದೇವರ ಹೆಸರು ತಗೊಂಡ್ರ ಶುಕ್ರವಾರ ಮಸೂತಿಯೊಳಗ ನನ್ನ ಕೇಳ್ತಾರ. ನಮ್ಮ ಹೆಸರು ತಗೊಂಡ್ರ ಪಾದ್ರಿ ಹೆಂಗ ತಗೊಂಡ ಅಂತ ಮೊಬೈಲ್ ನೋಡೋರು ಕೇಳ್ತಾರ." ನಾನು ಹನುಮಪ್ಪನ ಹೆಸರು ಸೂಚಿಸಿದೆ. "ಬಾಯಾರ, ನೀವು ದೆವ್ವ ಅದೀರಿ. ನೀವು ಹೇಳಬಾರ್ದು" ಎಂದ. ಕೊನೆಗೆ "ಮ್ಯಾಲಿನ ಮಾಲಕನ ಹೆಸರಿಂದ" ಎನ್ನುವಲ್ಲಿಗೆ ಇತ್ಯರ್ಥವಾಯಿತು. ಆದರೂ ಆ ಮಾತು ಹೇಳುವ ಮೊದಲು ಪ್ರತಿ ಸಲವೂ ಎದ್ದುಹೋಗಿ ಕೈಕಾಲು ಮುಖ ತೊಳೆದು ಬರುತ್ತಿದ್ದ. ಮಗ ರೇಗಿದರೆ, "ಸಿನಿಮಾ ಖೊಟ್ಟಿ ಇರಬೌದೋ, ಮಾಲಕ ಖೊಟ್ಟಿ ಅಲ್ಲಲ್ಲ" ಎಂದ. ಆ ದಿನದಿಂದ ಅವನ ಮೇಲಿದ್ದ ಹತ್ತಿಯ ಸಿಟ್ಟು ನನಗೆ ಪೂರ್ತಿ ಹೋಯಿತು.

ನಿಮ್ಮಪ್ಪನಿಗೆ ಗೊತ್ತಾದದ್ದು ಅವರು ಪೂಜೆ ಮಾಡುವ ಹನುಮಪ್ಪನ ಗುಡಿಯಲ್ಲಿ. ಮಂಗಳಾರತಿ ಮುಗಿದು ಜನ ತೀರ್ಥಕ್ಕೆ ಕೈ ಚಾಚಿದ್ದಾರೆ, ಕಿರಾಣಿ ಕುಬೇರಪ್ಪನ ಕಿಸೆಯೊಳಗಿನ ಮೊಬೈಲು ತಾನೇ ಚಾಲೂ ಆಗಿ "ಇದು ನನ್ನ ತವರುಮನಿ ಗಾದಿ" ಎಂದು ಕೂಗಿತಂತೆ. ನಿಮ್ಮಪ್ಪ ಉದ್ಧರಣೆ ಹಿಡಿದವರು ಹಾಗೇ ನಿಂತುಬಿಟ್ಟರಂತೆ. ಮನೆಗೆ ಬಂದರು. ಊಟಕ್ಕೆ ಕೂತರು. ಹುಳಿ ಅನ್ನ ಮುಗಿಯಿತು, ಮಜ್ಜಿಗೆ ಅನ್ನಕ್ಕೆ ಬಂದಾಗ ಬಾಯಿ ಬಿಟ್ಟರು.

"ಒಂದು ದೆವ್ವದ ದನಿ ಕೇಳಿದೆ ಇವತ್ತು. ಭಾಳ ಪರಿಚಯದ್ದು ಅನಿಸ್ತು."

ನಾನು ಉಪ್ಪಿನಕಾಯಿ ಬಡಿಸಿದೆ.

"ಭಜನಾ ಮಂಡಳಿಯೊಳಗ ಏನೇನು ಕಲಸ್ತಾರ ಈಗ?"

"ಎಲ್ಲಾ ಕಲಸ್ತಾರ್ರಿ" ಎಂದೆ.

ಕೈ ತೊಳೆದು ಬಂದು ಮೂರು ಕಟ್ಟಳೆ ಹಾಕಿದರು. ಏಕಾದಶಿಯ ದಿನ ದೆವ್ವ ಮಾತಾಡಬಾರದು. ದೆವ್ವವಾಗಿ ಬಂದ ಮೇಲೆ ಸ್ನಾನವಿಲ್ಲದೆ ದೇವರಮನೆಗೆ ಹೋಗಬಾರದು. ಮೂರನೆಯದು ಕಟ್ಟಳೆಯಲ್ಲ, ಪ್ರಶ್ನೆ: "ಕಡೀಕ ದೆವ್ವ ಸೋಲ್ತದ ಹೌದಲ್ಲೋ?" ಸೋಲುತ್ತದೆ ಎಂದೆ. "ಹಂಗಾದ್ರ ಮಾಡು" ಎಂದರು. ಈಗ ಹೊಸ ಭಾಗ ಬಂದರೆ ನನಗಿಂತ ಮೊದಲು ಅವರೇ ನೋಡಿರುತ್ತಾರೆ. ದೆವ್ವಕ್ಕೆ ಪಿತ್ತ ಹೆಚ್ಚಾಗಿರಬೇಕು, ಕಣ್ಣು ಹಳದಿಯಾಗಿವೆ ಎಂದು ನಿನ್ನೆ ಹೇಳುತ್ತಿದ್ದರು.

ಊರಲ್ಲಿ ನಿನ್ನ ಅಮ್ಮನಿಗೆ ಈಗ ಬಹಳ ಮರ್ಯಾದೆ. ಕಾಯಿಪಲ್ಯದವಳು ಬಾಡಿದ ಮೆಂತ್ಯ ನನಗೆ ತೋರಿಸುವುದೇ ಇಲ್ಲ. ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕಂಡಕ್ಟರ್ ಹನಮಂತ "ದೆವ್ವದವ್ವಗ ಜಾಗಾ ಬಿಡ್ರಿ" ಎಂದು ಒಬ್ಬನನ್ನು ಎಬ್ಬಿಸಿ ಕೂರಿಸಿದ.

ಈಗ ನಾಲ್ಕನೇ ಭಾಗಕ್ಕೆ ಬರುತ್ತೇನೆ. ಇಲ್ಲಿಗೆ ಬರಲಿಕ್ಕೆ ಇಷ್ಟು ಹಾಳೆ ಬೇಕಾದವು.

ಪಾದ್ರಿ ಕೇಳುತ್ತಾನೆ: ನೀನು ಯಾರು, ಏನು ಬೇಕು ನಿನಗೆ? ಅದಕ್ಕೆ ಶಾಹಬಾಜ "ನಾ ಪಾತಾಳದ ಒಡೆಯ" ಅಂತ ಏನೋ ಬರೆದಿದ್ದ. ನನಗೆ ಅದು ಸುಳ್ಳೆನಿಸಿತು. ನನ್ನಷ್ಟಕ್ಕೆ ಹೇಳುತ್ತೇನೆ, ಬಿಡು ಎಂದೆ. ಬಾಯಿಂದ ಬಂದದ್ದು ಇದು:

"ನನ್ನೊಳಗ ಯಾರೂ ಇಲ್ಲ, ನಾನ ಇದ್ದೀನಿ! ಇದು ನನ್ನ ಬಾಯಿ, ನಾ ಮುಚ್ಚೂದಿಲ್ಲ! ಬ್ಯಾಡಂದ್ರ ಬ್ಯಾಡ!"

ಲಾಡಸಾಬ ತನ್ನ ಮುಂದಿನ ಮಾತನ್ನೇ ಮರೆತ. ಶಾಹಬಾಜ ಕುರ್ಚಿಯಿಂದ ಎದ್ದು ನಿಂತ. ಈಗ ಗದಗ ಸ್ಟೇಷನ್ನಿನಿಂದ ಬೆಟಗೇರಿಗೆ ಓಡುವ ಆಟೋಗಳ ಬೆನ್ನ ಮೇಲೆ "ಬ್ಯಾಡಂದ್ರ ಬ್ಯಾಡ" ಎಂದು ಬರೆಸಿಕೊಂಡಿದ್ದಾರೆ. ಕಾಲೇಜಿನ ಹುಡುಗಿಯರು ನನ್ನನ್ನು ಕಂಡರೆ ಅದನ್ನೇ ಕೂಗಿ ನಗುತ್ತಾರೆ. ನಿನ್ನ ಲ್ಯಾಬಿನವರೂ ನಕ್ಕಿರಬೇಕು, ನಿನ್ನ ಮುಂದೆಯೇ ನಕ್ಕಿರಬೇಕು.

ಆ ಮಾತು ಯಾರದು ಎಂದು ನಿನಗೂ ಗೊತ್ತು, ನನಗೂ ಗೊತ್ತು. ಹತ್ತೊಂಬತ್ತು ವರ್ಷದ ಹಿಂದೆ ಶಿರಹಟ್ಟಿಯವರು ನಿನ್ನನ್ನು ನೋಡಲು ಬಂದ ದಿನ ನಮ್ಮ ಪಡಸಾಲೆಯಲ್ಲಿ ನಿಂತು ನೀನು ಕೂಗಿದ ಮಾತು. ಹಾಡು ಎಂದರು, ಹಾಡಿದೆ. ನಡೆದು ತೋರಿಸು ಎಂದರು, ನಡೆದೆ. ಇನ್ನೇನೋ ಕೇಳಿದರು. ನೀನು ಶಿರಾ ತುಂಬಿದ ತಾಟು ಎತ್ತಿ ಒಗೆದೆ. ಅದು ಹುಡುಗನ ಸೋದರಮಾವನ ಕೋಟಿನ ಮೇಲೆ ಬಿತ್ತು. ಆ ಕೋಟು ನೆನೆದರೆ ನನಗೆ ಇವತ್ತೂ ನಗು ಬರುತ್ತದೆ. ಆ ಹೊತ್ತಿಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಎನಿಸಿತ್ತು. ಹುಡುಗನ ಅತ್ತೆ, "ಹುಡುಗೀಗೆ ಗಾಳಿ ಸೋಕ್ಯದ, ಪಾಪ" ಎಂದಳು. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನನ್ನ ಮಗಳು ಹಟಮಾರಿ, ಬಾಯಿಬಡಕಿ ಎನ್ನಿಸಿಕೊಳ್ಳುವುದಕ್ಕಿಂತ ನನ್ನ ಮಗಳಿಗೆ ದೆವ್ವ ಹಿಡಿದಿದೆ ಎನ್ನಿಸಿಕೊಳ್ಳುವುದು ನನಗೆ ಹಗುರವಾಗಿ ಕಂಡಿತು. ಮರುದಿನವೇ ಆ ಅತ್ತೆಯನ್ನೂ ಜತೆಗೆ ಕರೆದುಕೊಂಡು ನಿನ್ನನ್ನು ಡಂಬಳದ ದಾರಿಯಲ್ಲಿದ್ದ, ದೆವ್ವ ಬಿಡಿಸುವ ಅಲ್ಲಾಉದ್ದೀನಜ್ಜನ ಹತ್ತಿರ ಒಯ್ದೆ. ಲೋಬಾನದ ಹೊಗೆ, ಹೊಡೆಯಲಿಕ್ಕೆ ಬೇವಿನ ಕಡ್ಡಿಯ ಬರಲು, ಕರಿ ದಾರ. ಬಂದ ಮೇಲೆ ಎಂಟು ದಿನ ನೀನು ಮಾತಾಡಲಿಲ್ಲ. ವಾಸಿಯಾಯಿತು ಎಂದು ನಾನು ಓಣಿಗೆಲ್ಲ ಹೇಳಿದೆ. ಶಿರಹಟ್ಟಿಯವರು ಬೇರೆ ಹುಡುಗಿಯನ್ನು ತಂದುಕೊಂಡರು. ಅಷ್ಟೆಲ್ಲ ಮಾಡಿದ್ದಕ್ಕೆ ಆ ಲಾಭವೂ ಆಗಲಿಲ್ಲ.

ಹತ್ತಿ ಕೋಣೆಯಲ್ಲಿ ಆ ಮಾತು ಹೇಳುವಾಗ ನೀನು ನೆನಪಿರಲಿಲ್ಲ, ಖರೆ. ಹೇಳಿ ಮುಗಿದ ಮೇಲೆ ನೆನಪಾಯಿತು. ಅದನ್ನು ಅಳಿಸು ಎಂದು ಶಾಹಬಾಜನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಚೆನ್ನಾಗಿ ಬಂದಿತ್ತು, ಇಬ್ಬರೂ ಹೊಗಳಿದರು, ನನಗೆ ಹಿಗ್ಗಾಯಿತು. ನಿನ್ನ ಸಂಕಟವನ್ನು ಜನರ ನಗೆಗೆ ಹಾಕಿದೆ. ತಪ್ಪಾಯಿತು ಆರತಿ. ಆ ಭಾಗ ತೆಗೆಸು ಎಂದು ನೀನು ಒಂದು ಮಾತು ಹೇಳು, ತೆಗೆಸುತ್ತೇನೆ. ಆಟೋಗಳ ಬೆನ್ನ ಮೇಲಿನದನ್ನು ಬೇಕಾದರೆ ನಾನೇ ಸೀಮೆಎಣ್ಣೆ ಅರಿವೆ ಹಿಡಿದು ಒರೆಸಿ ಬರುತ್ತೇನೆ.

ಹೋದ ಗುರುವಾರ ಇನ್ನೊಂದು ನಡೆಯಿತು. ಅದನ್ನೂ ಹೇಳಬೇಕು. ಡಂಬಳದಿಂದ ಅಮೀನಬಿ ಎನ್ನುವ ಹೆಣ್ಣುಮಗಳು ಮನೆ ಹುಡುಕಿಕೊಂಡು ಬಂದಳು. ಕೈಯಲ್ಲಿ ತೆಂಗಿನಕಾಯಿ, ಲಿಂಬೆಹಣ್ಣು, ಊದಿನಕಡ್ಡಿ. ಜತೆಗೆ ಹತ್ತೊಂಬತ್ತರ ಮಗಳು ಗುಲ್ನಾಜ, ಮುಖ ಗಂಟು ಹಾಕಿಕೊಂಡು. ನಿಮ್ಮಪ್ಪ ಬಾಗಿಲಲ್ಲಿ ತಡೆದು ಏನು ಎತ್ತ ಎಂದು ಕೇಳಿದರು.

"ಅಜ್ಜಾರ, ನಿಮ್ಮ ಮನಿ ಬಾಯಾರ ದೆವ್ವ ನಮ್ಮ ಹುಡುಗಿಗೆ ಬಂದೈತ್ರಿ. ಮೊಬೈಲ್‌ದಾಗಿಂದ ಹೊಕ್ಕೈತಿ. ಹಗಲೆಲ್ಲಾ ಅದ ಮಾತು, ಬ್ಯಾಡಂದ್ರ ಬ್ಯಾಡ, ಬ್ಯಾಡಂದ್ರ ಬ್ಯಾಡ. ಎರಡು ಬಿಂದಿಗಿ ಒಡದಾಳ. ಅವರ ದೆವ್ವ ಅವರ ವಾಪಸ್ ಕರ್ಕೊಳ್ಳಿ."

"ಇದು ಗುಡಿ ಪೂಜಾರಿ ಮನಿ ಅದವಾ, ದೆವ್ವದ ಆಫೀಸ್ ಅಲ್ಲ" ಎಂದು ನಿಮ್ಮಪ್ಪ ಬಾಯಲ್ಲಿ ಅಂದರು, ಅಷ್ಟರಲ್ಲಿ ಕೈಯಲ್ಲಿ ನೀರಿನ ತಂಬಿಗೆ ಕೊಟ್ಟಾಗಿತ್ತು. ನಾನು ಆ ಹುಡುಗಿಯನ್ನೊಬ್ಬಳನ್ನೇ ಅಡಿಗೆಮನೆಗೆ ಕರೆದುಕೊಂಡು ಹೋದೆ. ತಾಟಿನಲ್ಲಿ ಎರಡು ಭಕ್ಕರಿ, ಬದನೆಕಾಯಿ ಪಲ್ಯ ಹಾಕಿ ಮುಂದಿಟ್ಟೆ. ತಿಂದಳು. ಮೂರನೆಯ ಭಕ್ಕರಿ ಕೇಳಿ ಹಾಕಿಸಿಕೊಂಡಳು. ಆಮೇಲೆ ಕೇಳಿದೆ, "ಏನು ಬ್ಯಾಡವಾ ನಿನಗ?"

ನನ್ನ ಮುಖ ನೋಡಿದಳು. ಇದನ್ನು ಯಾರೂ ಅವಳಿಗೆ ಕೇಳಿರಲಿಲ್ಲ.

"ನಮ್ಮ ಮಾಮಾನ ಮಗನ್ನ ಮದಿವಿ ಆಗೂದು ಬ್ಯಾಡ್ರಿ. ಅಷ್ಟ. ಉಳಿದದ್ದೆಲ್ಲಾ ಬೇಕು."

ನನಗೆ ಅಳು ಬಂತು, ಒಗ್ಗರಣೆಯ ನೆಪ ಮಾಡಿಕೊಂಡು ಆ ಕಡೆ ತಿರುಗಿದೆ. ಪಡಸಾಲೆಗೆ ಬಂದು ಅಮೀನಬಿಯ ಪಕ್ಕದಲ್ಲಿ ಕೂತು ಹೇಳಿದೆ, "ತಂಗೀ, ಈ ಕೂಸಿನೊಳಗ ಯಾರೂ ಇಲ್ಲ. ಸಿಟ್ಟು ಒಂದದ. ಸಿಟ್ಟಿಗೆ ಮಂತ್ರ ಇಲ್ಲ, ತಾಯತ ಇಲ್ಲ. ಮನೀಗೆ ಕರ್ಕೊಂಡು ಹೋಗು, ಏನು ಬ್ಯಾಡಂತ ಕೇಳು, ಆಕಿ ಹೇಳೂದು ಮುಗಿಯೂತನಕಾ ಕೇಳು."

ಅಮೀನಬಿ ಸೆರಗಿನ ತುದಿ ತಿರುವುತ್ತ ಕೂತಳು. ನನಗೆ ಎಲ್ಲೋ ನನ್ನನ್ನೇ ನೋಡಿದಂತಾಯಿತು. ಕಡೆಗೆ, "ಆತ್ರಿ. ಆದ್ರ ನಾಕ ಮಂದಿ ಕೇಳಿದ್ರ ಏನ್ ಹೇಳ್ಲಿ?" ಎಂದಳು.

"ಬಾಯಾರು ತಮ್ಮ ದೆವ್ವ ವಾಪಸ್ ತಗೊಂಡ್ರು ಅಂತ ಹೇಳು."

ನಿಮ್ಮಪ್ಪ ಒಳಗಿಂದ ಸಕ್ಕರೆ ತಂದು ತಾಯಿ ಮಗಳು ಇಬ್ಬರ ಕೈಗೂ ಹಾಕಿ, ಬಹಳ ಗಂಭೀರವಾಗಿ, "ಇನ್ನ ಅದು ನಿಮ್ಮ ಕಡೆ ಬರೂದಿಲ್ಲ. ಇಲ್ಲೇ ಇರ್ತದ. ನಾಲ್ವತ್ತೊಂದು ವರ್ಷದಿಂದ ನಾನ ನೋಡ್ಕೊಂಡೀನಿ" ಎಂದರು. ಗುಲ್ನಾಜ ಮೊದಲ ಸಲ ನಕ್ಕಳು. ಅವರು ಹೋದ ಮೇಲೆ ನಾನು ನಿಮ್ಮಪ್ಪನಿಗೆ, ನೀವು ದೆವ್ವ ನಂಬುತ್ತೀರೋ ಇಲ್ಲವೋ, ಇಷ್ಟು ವರ್ಷದಲ್ಲಿ ಕೇಳಿಯೇ ಇಲ್ಲ ಎಂದೆ. "ನನಗ ಹನುಮಪ್ಪನ್ನ ನಂಬೂದರಾಗ ಹೊತ್ತು ಹೋಗ್ತದ" ಎಂದು ಪಂಚಾಂಗ ತೆಗೆದರು. ಅಂದು ಅಮೀನಬಿ ಬಿಟ್ಟುಹೋದ ಲಿಂಬೆಹಣ್ಣಿನಿಂದ ಚಿತ್ರಾನ್ನ ಮಾಡಿದೆ, ಇಬ್ಬರೂ ಉಂಡೆವು.

ಸಿನಿಮಾದ ಕೊನೆಯ ಭಾಗವೊಂದು ಉಳಿದಿದೆ. ಶಾಹಬಾಜ ದಿನಾ ಬಂದು ಕರೆಯುತ್ತಾನೆ. ಪಾದ್ರಿ ಬೆತ್ತ ಹಿಡಿದು ನಿಲ್ಲುತ್ತಾನೆ, ತಾಯಿ ಮಗಳ ಕೈಗಳನ್ನು ಒತ್ತಿ ಹಿಡಿಯುತ್ತಾಳೆ, ದೆವ್ವ ಚೀರಿ ಹೊರಟುಹೋಗುತ್ತದೆ. ತಾಯಿಯ ಮಾತನ್ನೂ ನೀವೇ ಹೇಳ್ರಿ ಕಾಕೂ ಎನ್ನುತ್ತಾನೆ. ನನಗೆ ಸೊಂಟ ನೋವು ಎಂದು ಹೇಳಿದ್ದೇನೆ.

ಚಳಿಗೆ ಜೋಪಾನ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಬಾಯಿಗೆ ಎಂದೂ ಬಲ ಕುಂದದಿರಲಿ, ನಿನ್ನ ಮಾತು ಕೇಳುವವರ ನಡುವೆ ನೂರು ವರ್ಷ ಬಾಳು ಎಂದು ಹರಸುತ್ತೇನೆ. ನಿಮ್ಮಪ್ಪ ತಮ್ಮ ಆಶೀರ್ವಾದವನ್ನೂ ಸೇರಿಸಿ ಬರೆ ಎಂದರು, ಸೇರಿಸಿದ್ದೇನೆ.

ನಿನ್ನ ಅಮ್ಮ
ಯಮುನಾಬಾಯಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅಮೀನಬಿಗೆ ನಾನು ಹೇಳಿದ ಮಾತು ನನ್ನದಲ್ಲ. ಅಂದು ನೀನು ಆ ಅತ್ತೆಯ ಜತೆ ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದಾಗ ಅಲ್ಲಾಉದ್ದೀನಜ್ಜ ನನ್ನನ್ನು ಒಳಗೆ ಕರೆದು ಹೇಳಿದ ಮಾತು ಅದು. "ತಂಗೀ, ಈ ಕೂಸಿನೊಳಗ ಯಾರೂ ಇಲ್ಲ. ಮನೀಗೆ ಕರ್ಕೊಂಡು ಹೋಗು, ಆಕೀನ್ನ ಕೇಳು" ಎಂದು ಕೈಮುಗಿದ. ನಾನೇ ಬಿಡಲಿಲ್ಲ. "ಬೀಗರ ಮಂದಿ ಹೊರಗ ಕೂತಾರ್ರಿ, ಅವರ ಮುಂದ ಏನಾದ್ರೂ ಮಾಡ್ರಿ" ಎಂದು ಅವನ ಕಾಲು ಹಿಡಿದೆ. ನನ್ನ ಸಲುವಾಗಿ ಅವನು ಆ ಬೇವಿನ ಬರಲನ್ನು ಎತ್ತಿದ. ಒಂದೇಟೂ ನಿನಗೆ ಹಾಕಲಿಲ್ಲ ಆರತಿ, ಹೊಗೆಯಲ್ಲಿ ನಿನಗೆ ಕಾಣಲಿಲ್ಲ, ನೆಲಕ್ಕೆ ಬಡಿಯುತ್ತಿದ್ದ. ನಿನ್ನ ಎಡಗೈಯ ಮೇಲೆ ಉಳಿದ ಗೆರೆ ಅವನ ಬರಲಿನದಲ್ಲ, ಒತ್ತಿ ಹಿಡಿದಿದ್ದ ನನ್ನ ಬಳೆಯದು. ಹೋದ ವರ್ಷ ಅವನು ತೀರಿಕೊಂಡ ಸುದ್ದಿ ಹೇಳಿದಾಗ ನೀನು "ಒಳ್ಳೇದಾತು" ಎಂದೆ. ಆಗಲೂ ನಾನು ಸುಮ್ಮನಿದ್ದೆ. ನಿಮ್ಮಪ್ಪನಿಗೂ ಇದು ಗೊತ್ತಿಲ್ಲ. ನಿನ್ನೊಳಗೆ ಯಾರೂ ಇಲ್ಲ ಎನ್ನುವುದು ನನಗೆ ಅಂದೇ ಗೊತ್ತಿತ್ತು. ಈ ಭಾನುವಾರ ಫೋನ್ ಮಾಡು, ಹತ್ತೊಂಬತ್ತು ವರ್ಷ ಅವನನ್ನು ಬೈದದ್ದನ್ನೆಲ್ಲ ನನಗೆ ಬೈ. ಎಷ್ಟು ಹೊತ್ತಾದರೂ ನಾನು ಇಡುವುದಿಲ್ಲ.